ಮೂವತ್ತೆರಡು ಸಲ ಅಗಿಯುವ ಮನೆ

ಲಾಕ್‌ಡೌನಿನಲ್ಲಿ ಊರೆಲ್ಲ ತಿಂದು ತಿಂದು ಉಬ್ಬುತ್ತಿದ್ದಾಗ ನಮ್ಮ ಮನೆಯೊಂದೇ ಮಿತಾಹಾರದ ತಪೋವನವಾಗಿತ್ತು ಎಂದು ನಾನು ಕಂಡಕಂಡವರಿಗೆಲ್ಲ ಫೋನು ಮಾಡಿ ಹೇಳುತ್ತಿದ್ದೆ. ನಾನು ವಿಶ್ವವಿದ್ಯಾಲಯದಲ್ಲಿ ಪೌಷ್ಟಿಕಾಹಾರದ ಮೇಷ್ಟ್ರು. ಆನ್‌ಲೈನ್ ಪಾಠದಲ್ಲಿ ವಿದ್ಯಾರ್ಥಿಗಳು ಕ್ಯಾಮೆರಾ ಆರಿಸಿ ಮಾಯವಾಗುತ್ತಿದ್ದರು. ಹೆಂಡತಿಗೂ, ನಮ್ಮ ವಿಶ್ವವಿದ್ಯಾಲಯದಲ್ಲೇ ಇತಿಹಾಸ ಓದುವ ಮಗಳಿಗೂ ಆ ಸೌಲಭ್ಯವಿರಲಿಲ್ಲ. ಹಾಗಾಗಿ ಊಟದ ಮೇಜಿನಲ್ಲೇ ತರಗತಿ ಶುರುಮಾಡಿದೆ. ಮೊದಲು ಕಾಲು ಗಂಟೆ ಉಪನ್ಯಾಸ, ಆಮೇಲೆ ತುತ್ತಿಗೆ ಮೂವತ್ತೆರಡು ಸಲ ಅಗಿಯುವುದು. ಎಣಿಕೆ ನನ್ನದು. ಇಬ್ಬರೂ ಗುಬ್ಬಚ್ಚಿಗಳ ಹಾಗೆ ನಾಲ್ಕು ತುತ್ತು ತಿಂದು "ಸಾಕು" ಅನ್ನುತ್ತಿದ್ದರು. (ಬೋಧನೆ ಅಂದರೆ ಹೀಗಿರಬೇಕು.)

ಇದೇ ಹುರುಪಿನಲ್ಲಿ ಲಾಕ್‌ಡೌನ್ ಕಾಲದ ವಿದ್ಯಾರ್ಥಿಗಳ ಆಹಾರ ಪದ್ಧತಿಯ ಬಗ್ಗೆ ಸಮೀಕ್ಷೆಗೆ ಕೈಹಾಕಿದೆ. ಹೆಸರು ಬೇಡ, ಸತ್ಯ ಬರೆದರೆ ಸಾಕು ಎಂದು ಎಲ್ಲ ವಿಭಾಗಗಳಿಗೂ ಪ್ರಶ್ನಾವಳಿ ಕಳಿಸಿದೆ. ಇದು ಚೆನ್ನಾಗಿ ಬಂದರೆ ನನ್ನ ಬಡ್ತಿಗೆ ತಾವೇ ಶಿಫಾರಸು ಮಾಡುವುದಾಗಿ ವಿಭಾಗದ ಮುಖ್ಯಸ್ಥೆ ಮಾತು ಕೊಟ್ಟಿದ್ದರು.

ವರದಿ ಒಪ್ಪಿಸುವ ದಿನ ವಿಭಾಗದ ಆನ್‌ಲೈನ್ ಸಭೆಯಲ್ಲಿ ಅವರು, "ಅಂಕಿಅಂಶ ಸಾಕು ಸರ್, ಒಂದು ಉತ್ತರ ಓದಿ," ಎಂದರು.

ತೀರಾ ಕೆಟ್ಟುಹೋದ ಮನೆಯೊಂದರ ಉತ್ತರವನ್ನು ನಾನು ಮೊದಲೇ ಆರಿಸಿಟ್ಟಿದ್ದೆ. (ಮೊದಲ ಎರಡು ಸಾಲಿಗೇ ಪುಳಕಿತನಾಗಿ ಮುಂದೆ ಓದಿರಲಿಲ್ಲ.) ಅದನ್ನು ಎಲ್ಲರ ಪರದೆಗೂ ಹಾಕಿ ಓದತೊಡಗಿದೆ.

"'ಊಟಕ್ಕೆ ಅರ್ಧ ಗಂಟೆ ಮುಂಚೆ ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಪಾತ್ರೆಯಿಂದ ಗಬಗಬ ತಿನ್ನುತ್ತೇನೆ. ಅಮ್ಮ ಬಾಗಿಲಲ್ಲಿ ಕಾವಲು. ಆಮೇಲೆ ಅಮ್ಮ ತಿನ್ನುತ್ತಾಳೆ, ನಾನು ಕಾವಲು.' ನೋಡಿ, ಹೆತ್ತ ತಾಯಿನೇ ಹೀಗಾದ್ರೆ ಮಕ್ಕಳ ಗತಿ ಏನು ಮೇಡಂ," ಎಂದು ತಲೆಯಾಡಿಸಿ ಮುಂದುವರಿಸಿದೆ. "'ಇದಕ್ಕೆಲ್ಲ ಕಾರಣ ಅಪ್ಪ. ಅವರ ಭಾಷಣ ಮುಗಿಯುವಷ್ಟರಲ್ಲಿ ಊಟ ತಣ್ಣಗಾಗಿರುತ್ತದೆ. ತುತ್ತಿಗೆ ಮೂವತ್ತೆರಡು ಸಲ...'"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ಮೂವತ್ತೆರಡು ಸಲ ಏನು ಸರ್?"

"ಅಕ್ಷರ ಸರಿಯಾಗಿ ತಿಳೀತಾ ಇಲ್ಲ ಮೇಡಂ."

"ಟೈಪ್ ಮಾಡಿರೋದಲ್ವಾ? ನಮಗೆ ಕಾಣ್ತಿದೆ, ನಾನೇ ಓದ್ತೀನಿ. 'ಅಗಿಯಬೇಕು. ಅವರು ಬೆರಳು ಮಡಚಿ ಎಣಿಸುತ್ತಾರೆ. ಹಸಿವಾಗುತ್ತಿದೆ ಎಂದರೆ ಹಸಿವಿನ ಬಗ್ಗೆಯೂ ಪಾಠ ಮಾಡುತ್ತಾರೆ.' ಪಾಪ ಮಗು."

ಪರದೆಯ ತುಂಬ ಮರುಕದ ಮುಖಗಳು. ನನಗೆ ನಾಚಿಕೆಯಾಯಿತು. ಸುಳ್ಳೇಕೆ, ಅದಕ್ಕಿಂತ ಸಂಕಟವೇ ಹೆಚ್ಚಾಯಿತು. ನನ್ನ ಹೆಂಡತಿ, ಮಗಳು ತಮ್ಮ ಮನೆಯಲ್ಲೇ ಕದ್ದು ತಿನ್ನುತ್ತಿದ್ದರು.

"ಇಂಥ ತಂದೆಗೆ ತಜ್ಞರಾಗಿ ನಿಮ್ಮ ಸಲಹೆ ಏನು ಸರ್? ವರದಿಗೆ ಸೇರಿಸೋಣ," ಎಂದು ಮುಖ್ಯಸ್ಥೆ ಪೆನ್ನು ಹಿಡಿದು ಕಾದರು.

"ಊಟಕ್ಕೆ ಕೂತಾಗ ಅವರು... ಬಾಯಿ ಮುಚ್ಕೊಂಡಿರಬೇಕು ಮೇಡಂ."

"ಎಷ್ಟು ದಿನ?"

ನನ್ನ ಬೆನ್ನ ಹಿಂದಿನ ಬಾಗಿಲಿನಿಂದ ಹೆಂಡತಿಯ ಧ್ವನಿ ಬಂತು. "ಲಾಕ್‌ಡೌನ್ ಮುಗಿದ ಮೇಲೂ ಅಂತ ಬರ್ಕೊಳ್ಳಿ ಮೇಡಂ."

ಮುಖ್ಯಸ್ಥೆ ಪರದೆಯಲ್ಲೇ ಒಮ್ಮೆ ಬಾಗಿಲ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಏನೂ ಕೇಳದೆ ಬರೆದುಕೊಂಡರು.