ದೊಡ್ಡವ್ವನ ಕಾಲು ನೆಟ್ಟಗಾದದ್ದು

ನಮ್ಮ ದೊಡ್ಡವ್ವನಿಂದ ಬೈಸಿಕೊಳ್ಳದ ಯಂತ್ರ ದಾಂಡೇಲಿಯಲ್ಲಿ ಒಂದೂ ಇಲ್ಲ! ಮಿಕ್ಸರ್ ಗರ್ ಎಂದರೆ, "ಸಾವಕಾಶ ತಿರುಗಲೇ, ನಿನಗೇನು ಬಸ್ ತಪ್ಪತೈತಿ?" ಅನ್ನುತ್ತಾಳೆ. ಪೇಪರ್ ಮಿಲ್ಲಿನ ಭೋಂಗಾ ತುಸು ತಡವಾಗಿ ಕೂಗಿತೋ, ಅಂಗಳಕ್ಕೆ ಬಂದು, "ಈಗ ಎಚ್ಚರಾತೇನು?" ಎಂದು ಮಿಲ್ಲಿನ ದಿಕ್ಕಿಗೆ ಮುಖ ಮಾಡಿ ಕೇಳುತ್ತಾಳೆ. ಅದೇ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ದೊಡ್ಡಪ್ಪ ಆಗ ಮೆಲ್ಲಗೆ ಒಳಗೆ ಹೋಗಿಬಿಡುತ್ತಾರೆ. ಈಕೆ ಯಾರೋ, ತಾವು ಯಾರೋ!

ದೊಡ್ಡವ್ವ ನನ್ನ ಅವ್ವನ ಅಕ್ಕ. ವರ್ಷಗಳಿಂದ ಮೊಣಕಾಲು ಸವೆದು ಅವಳ ಎರಡೂ ಕಾಲು ಹೊರಕ್ಕೆ ಬಾಗಿದ್ದವು. ನಡುವೆ ಕೋಳಿ ಏನು ಬಂತು, ಕುರಿಮರಿಯೇ ದಾಟಿಹೋಗಬಹುದಿತ್ತು! ಹಚ್ಚದ ಎಣ್ಣೆಯಿಲ್ಲ, ಕಟ್ಟದ ಸೊಪ್ಪಿಲ್ಲ. ಒಂದು ಬೆಳಿಗ್ಗೆ ಹಾಲಿನವನಿಗೆ ಬಾಗಿಲು ತೆಗೆಯಲು ಎದ್ದವಳು ಪಡಸಾಲೆಯ ನಡುವೆಯೇ ಕೂತು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ಅದುವರೆಗೆ ನಾವ್ಯಾರೂ ಕಂಡಿರಲಿಲ್ಲ. ದೊಡ್ಡಪ್ಪ ತಕ್ಷಣ ನನಗೆ ಫೋನ್ ಹಚ್ಚಿ, "ಹುಬ್ಬಳ್ಳಿಗೆ ಹೋಗೂಣು, ಲಗೂನ ಬಾ" ಎಂದರು.

ಹುಬ್ಬಳ್ಳಿಯ ಡಾಕ್ಟರು ತಾಳ್ಮೆಯ ಮನುಷ್ಯ. ಕಂಪ್ಯೂಟರ್ ನೆರವಿನಿಂದ ಎರಡೂ ಮೊಣಕಾಲು ಬದಲಿಸುತ್ತೇವೆ ಎಂದರು. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಕೂತಳು.

"ಕೊಯ್ಯಾವ್ರು ಯಾರ್ರಿ? ನೀವೋ, ಅದೋ?"

"ನಾನರೀ ಅವ್ವಾರ. ಎಲುಬಿಗೆ ಸಣ್ಣ ಗುರುತು ಕೂಡಿಸ್ತೇವಿ. ಕ್ಯಾಮೆರಾ ಅದನ್ನ ನೋಡ್ತೈತಿ. ಎಷ್ಟು ಸೊಟ್ಟ ಐತಿ, ಎಲ್ಲಿ ಕೊಯ್ದರ ನೆಟ್ಟಗಾಕ್ಕೈತಿ ಅಂತ ಕಂಪ್ಯೂಟರ್ ತೋರಿಸ್ತೈತಿ."

"ಬ್ಯಾಂಕಿನ್ಯಾಗ ಸರ್ವರ್ ಡೌನ್ ಅಂತಾರಲ್ಲ, ನಡುವ ಹಂಗಾದ್ರ? ನಾ ಅರ್ಧಾ ಕೊಯ್ಸಿಕೊಂಡು ಮಲಗಬೇಕೇನು?"

"ಅದು ನಿಂತ್ರ ನಾ ಇದ್ದೇನಲ್ರಿ! ಅದಿಲ್ಲದನೂ ಮಾಡಾಕ ಬರ್ತೈತಿ."

ಈ ಮಾತಿಗೆ ದೊಡ್ಡವ್ವ ಒಪ್ಪಿದಳು.

ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡಿದರು. ಬಾಯಿ ಮರಗಟ್ಟಿಸಲಿಲ್ಲವಲ್ಲ! ಒಳಗೆ ನಡೆದದ್ದನ್ನು ಆಮೇಲೆ ನರ್ಸ್ ನಗುತ್ತ ಹೇಳಿದಳು. ಅಡ್ಡ ಕಟ್ಟಿದ ಬಟ್ಟೆಯಾಚೆ ಸುತ್ತಿಗೆಯ ಸದ್ದಾದಾಗ ದೊಡ್ಡವ್ವ, "ಬಡಿಗ್ಯಾರು ಬಂದಾರೇನ್ರಿ?" ಎಂದಳಂತೆ. ಸ್ವಲ್ಪ ಹೊತ್ತಿಗೆ, "ಕಂಪ್ಯೂಟರ್ ಏನಂತೈತ್ರಿ?" ಎಂದು ಡಾಕ್ಟರ ಬಳಿ ವಿಚಾರಣೆ.

"ಕಾಲು ಭಾಳ ಸೊಟ್ಟ ಅದಾವಂತ್ರಿ."

"ಅಷ್ಟು ಹೇಳಾಕ ಅದ್ಯಾಕ ಬೇಕು? ನಾ ಹೊಸ್ತಿಲಾ ದಾಟೂಮುಂದನ ನಮ್ಮತ್ತಿ ಹೇಳಿದ್ಲು!"

ಕೊನೆಗೆ ಪರದೆಯ ಮೇಲಿನ ಗೆರೆ ನೆಟ್ಟಗೆ ಬಂದಾಗ ಡಾಕ್ಟರು, "ಆತ್ರಿ ಅವ್ವಾರ, ಸೊಟ್ಟ ಹೋತು" ಎಂದರಂತೆ. "ಶಾಣ್ಯಾ ಐತಿ ಬಿಡ್ರಿ" ಎಂದಳಂತೆ ದೊಡ್ಡವ್ವ. ಯಂತ್ರವೊಂದು ಅವಳಿಂದ ಹೊಗಳಿಸಿಕೊಂಡದ್ದು ಅದೇ ಮೊದಲು!

ಊರಿಗೆ ಬಂದ ಮೇಲೆ ವಾಕರ್ ಕೂಡ ಬೈಸಿಕೊಂಡಿತೆನ್ನಿ. ಆದರೆ ಅದನ್ನು ಬಿಟ್ಟು ನಿಂತ ದಿನ ಮನೆಯಲ್ಲಿ ಹೊಸ ಕಷ್ಟ ಶುರುವಾಯಿತು. ಬಾಗಿದ ಕಾಲು ನೆಟ್ಟಗಾಗಿ ದೊಡ್ಡವ್ವ ತುಸು ಎತ್ತರವಾಗಿದ್ದಳು. ಫ್ರಿಜ್ಜಿನ ತಲೆಯ ಮೇಲಿನ ಧೂಳು ಅವಳಿಗೆ ಕಾಣಿಸಿತು! ಮನೆ ನೋಡಿಕೊಳ್ಳುವ ಸೊಸೆಯ ಗತಿ ಕೇಳಬೇಡಿ.

"ನಾ ಗಿಡ್ಡ ಆಗೇನೋ, ನೀ ಉದ್ದ ಆಗೀಯೋ?" ಎಂದು ದೊಡ್ಡಪ್ಪ ಕೇಳಿದರೆ, "ಕಂಪ್ಯೂಟರಿಗೆ ಕೇಳ್ರಿ" ಅನ್ನುವಳು.

ಮೊನ್ನೆ ಸಂಜೆ ದೊಡ್ಡವ್ವ, ದೊಡ್ಡಪ್ಪ, ನಾನು ಮೂವರೂ ಕಾಳಿ ಹೊಳೆಯ ಕಡೆ ತಿರುಗಾಡಲು ಹೊರಟೆವು. ದೊಡ್ಡವ್ವ ಎಂಥ ಜೋರು! ಅವಳ ಸಮಕ್ಕೆ ಹೆಜ್ಜೆ ಹಾಕಿ ನನಗೇ ಬೆವರು ಬಂತು. ಸೇತುವೆ ಹತ್ತಿರ ಬಂದಾಗ ಅವಳು ಹಿಂತಿರುಗಿ ನೋಡಿದಳು. ದೊಡ್ಡಪ್ಪ ಬಹಳ ದೂರ ಉಳಿದಿದ್ದರು. ಲೈಟಿನ ಕಂಬ ಹಿಡಿದು ಏದುಸಿರು ಬಿಡುತ್ತಿದ್ದರು. ಇಷ್ಟು ವರ್ಷ ಅವರು ಅವಳ ಸಲುವಾಗಿ ನಿಧಾನ ನಡೆಯುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು.

ದೊಡ್ಡವ್ವ ಅವರ ಬಳಿಗೆ ನಡೆದುಹೋಗಿ, "ರೀ, ಸ್ವಲ್ಪ ಕುಂದ್ರೂಣು. ನನ್ನ ಮೊಣಕಾಲು ಹಿಡದಂಗ ಆಗೇತಿ" ಎಂದಳು.

"ಅವಸರ ಮಾಡಬ್ಯಾಡ ಅಂದ್ರ ಎಲ್ಲಿ ಕೇಳ್ತೀ!" ಎನ್ನುತ್ತ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಅವಳ ಮೊಣಕಾಲು ಒತ್ತತೊಡಗಿದರು.

ನನಗೆ ಗಾಬರಿಯಾಯಿತು. "ಭಾಳ ನೋಯಾಕತ್ತೈತೇನು ದೊಡ್ಡವ್ವ? ಡಾಕ್ಟರಿಗೆ ಫೋನ್ ಹಚ್ಚಲೇನು?" ಎಂದೆ.

ಅವಳು ದೊಡ್ಡಪ್ಪನಿಗೆ ಕಾಣದಂತೆ ನನ್ನ ಕೈ ಚಿವುಟಿದಳು.