ಸೆಲ್ಫ್ ಅಂದ್ರ ಯಾರ್ರಿ?

ದಾಂಡೇಲಿಯ ಬಂಗೂರನಗರದಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ. ಕಾಲ, ವಚನ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ. ಆದರೆ ‘ಸೆಲ್ಫ್’ ಎಂಬ ಬಾಲ ಇರುವ ಪದಗಳು ಬಾಯಿಗೆ ಬಂದವೆಂದರೆ ಎಲ್ಲೋ ಒಬ್ಬರ ಎದೆ ಧಸಕ್ಕೆನ್ನುತ್ತದೆ.

ಯುವರ್‌ಸೆಲ್ಫ್

ನನ್ನ ಕ್ಲಾಸಿಗೆ ಬರುವ ಹಳಿಯಾಳದ ಬಟ್ಟೆ ವ್ಯಾಪಾರಿಯೊಬ್ಬರು ಇಲ್ಲಿನ ಎಂಜಿನಿಯರ್ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದರು. ಮನೆಯಾಕೆ ಹೊರರಾಜ್ಯದವರು. ಮೇಜಿನ ಮೇಲೆ ಪಾತ್ರೆಗಳನ್ನು ಜೋಡಿಸಿ, ನಗುತ್ತ ‘ಪ್ಲೀಸ್ ಹೆಲ್ಪ್ ಯುವರ್‌ಸೆಲ್ಫ್’ ಅಂದು ಒಳಗೆ ಹೋದರಂತೆ. ಇವರು ಕಲಿತಷ್ಟನ್ನು ಜೋಡಿಸಿ ನೋಡಿದರು: ನಿಮಗೆ ನೀವೇ ಸಹಾಯ ಮಾಡಿಕೊಳ್ಳಿ. ಕರೆದವರೇ ಕೈಬಿಟ್ಟರಲ್ಲ ಎಂದು ದಂಗಾಗಿ, ಚಪ್ಪಲಿ ಮೆಟ್ಟಿ ಹೊರಬಿದ್ದು, ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಊರಿಗೆ ಹೋದರು. ಮರುದಿನ ನಾನು, ಅದರ ಅರ್ಥ ‘ಬೇಕಾದ್ದು ಬಡಿಸಿಕೊಳ್ಳಿ’ ಅಂತ ಹೇಳಿದೆ. ಅವರ ಮುಖ ಇನ್ನಷ್ಟು ಇಳಿಯಿತು.

"ಗಾಜಿನ ಮುಚ್ಚಳದಾಗ ಗುಲಾಬ್ ಜಾಮೂನು ಕಾಣ್ತಿದ್ವಲ್ರಿ ಅಕ್ಕೋರ," ಅಂದರು.

ದೆಮ್‌ಸೆಲ್ವ್ಸ್

ಜೋಯಿಡಾ ಕಡೆ ಹೋಮ್‌ಸ್ಟೇ ನಡೆಸುವ ನನ್ನ ಹಳೆಯ ವಿದ್ಯಾರ್ಥಿ, ಬೇಕಾದವರು ತಾವೇ ಅಡುಗೆ ಮಾಡಿಕೊಳ್ಳಲಿ ಎಂದು ‘ಗೆಸ್ಟ್ಸ್ ಕ್ಯಾನ್ ಕುಕ್ ದೆಮ್‌ಸೆಲ್ವ್ಸ್’ ಅಂತ ಬೋರ್ಡ್ ಬರೆಸಿದ್ದ. ನಡುವೆ ಒಂದು ‘ಫಾರ್’ ಬಿಟ್ಟಿದ್ದರಿಂದ ಅದು ‘ಅತಿಥಿಗಳು ತಮ್ಮನ್ನು ತಾವೇ ಬೇಯಿಸಿಕೊಳ್ಳಬಹುದು’ ಎಂದಾಗಿತ್ತು. ಅಲ್ಲಿಗೊಂದು ವಿದೇಶಿ ಜೋಡಿ ಬಂತು. ಹೆಂಡತಿ ಬೋರ್ಡನ್ನು ಓದಿ, ಮತ್ತೆ ಓದುತ್ತಿದ್ದಳು. ಅದೇ ಹೊತ್ತಿಗೆ ಇವನು ಹಿತ್ತಲಿನ ದೊಡ್ಡ ಹಂಡೆ ತೋರಿಸಿ, ನೀರು ಕುದಿಯುತ್ತಿದೆ, ಬನ್ನಿ ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಕರೆದ. ಸ್ನಾನ ಎಂಬ ಮಾತು ಬಾಯಿಗೆ ಬರಲಿಲ್ಲ. ಆಕೆ ಚೀಲ ಅಲ್ಲೇ ಬಿಟ್ಟು ಗೇಟಿನಾಚೆ ಓಡಿದಳು.

ಅವನು ಗಾಬರಿಯಾಗಿ ನನಗೆ ಫೋನ್ ಮಾಡಿದ. "ಅಕ್ಕೋರ, ಆಕಿ ಒಳಗ ಬರವಲ್ಲಳು. ಮೊದಲು ಗಂಡನ್ನ ಕರೀಲೇನ್ರಿ?"

ಮೈಸೆಲ್ಫ್

ಸಾಂಬ್ರಾಣಿಯ ನನ್ನ ವಿದ್ಯಾರ್ಥಿನಿಯನ್ನು ನೋಡಲು ಮುಂಡಗೋಡ ತಾಲೂಕಿನ ಮಳಗಿಯಿಂದ ಗಂಡಿನವರು ಬಂದಿದ್ದರು. ನನ್ನನ್ನೂ ಕರೆದಿದ್ದರು. ಇಬ್ಬರೂ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳಲಿ ಎಂದು ಯಾರೋ ಅಂದರು. ಹುಡುಗ "ಮೈಸೆಲ್ಫ್ ಮಂಜುನಾಥ" ಅಂದ. ‘ಐ ಆಮ್’ ಅನ್ನಬೇಕೆಂದು ವರ್ಷವಿಡೀ ಹೇಳಿಕೊಟ್ಟಿದ್ದರೂ ನಮ್ಮ ಹುಡುಗಿ ನಾಚಿಕೆಯಲ್ಲಿ "ಮೈಸೆಲ್ಫ್ ಸವಿತಾ" ಅಂದುಬಿಟ್ಟಳು.

ಅವಳ ಅಜ್ಜಿ ಎಲೆ-ಅಡಿಕೆ ತಾಟನ್ನು ಕೆಳಗಿಟ್ಟರು. ಮೈಸೆಲ್ಫ್ ಎಂಬುದು ಗಂಡಿನ ಮನೆತನದ ಅಡ್ಡಹೆಸರು ಎಂದು ಅವರು ತಿಳಿದಿದ್ದರು.

"ಇವರ ಅಡ್ಡಹೆಸರು ನೀ ಯಾವಾಗ ಹಚ್ಕೊಂಡಿ? ನಮಗ ಹೇಳದ ಮದುವಿ ಆಗೀರೇನು?"

ಹುಡುಗನ ತಂದೆ ಮಗನನ್ನು ನೋಡಿದ ನೋಟಕ್ಕೆ ಅವನ ಕೈಯ ಚಹಾ ಹೊಸ ಪ್ಯಾಂಟಿನ ಮೇಲೆ ಚೆಲ್ಲಿತು. ಹುಡುಗಿ ಅಳತೊಡಗಿದಳು. ನಾನು ಎದ್ದು, ಅದು ಯಾರ ಅಡ್ಡಹೆಸರೂ ಅಲ್ಲ, ಅವರಿಬ್ಬರೂ ಹೇಳಿದ್ದು ಬರೇ ‘ನಾನು’ ಅಂತ ಎಂದು ಬಿಡಿಸಿ ಹೇಳಿದೆ. ಮೊದಲು ಹುಡುಗನ ತಂದೆ ನಕ್ಕರು, ಆಮೇಲೆ ಎಲ್ಲರೂ. ಸಂಬಂಧ ಅಂದೇ ಗಟ್ಟಿಯಾಯಿತು.

ಅಜ್ಜಿ ಮಾತ್ರ ನಗಲಿಲ್ಲ. ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: "ನೋಡಾಕ ಬಂದಾಗ ಇಬ್ಬರೂ ನಾನು ನಾನು ಅನ್ನಾಕತ್ತಾರ. ಸಂಸಾರ ಹೆಂಗ ನಡೀತೈತ್ರಿ ಅಕ್ಕೋರ?"