ಬೆಚ್ಚಗಿನ ನೀರಿನ ಹನ್ನೆರಡು ಮೀನುಗಳು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಗೋವಾದ ಕುಂಡಯಿಯ ಒಂದು ಕಾರ್ಖಾನೆಯಲ್ಲಿ ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಧಾರವಾಡದಿಂದ ಬಂದು ಫೋಂಡಾದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ದಿನಕ್ಕೆ ಹತ್ತು ಸಲ ನೀರನ್ನು ಗಾಜಿನ ನಳಿಗೆಯಲ್ಲಿ ಎತ್ತಿ ಹಿಡಿದು ನೋಡುವವನಿಗೆ ನೀರಿನ ವಿಷಯದಲ್ಲಿ ತಿಳಿಯದ್ದು ಏನಿದ್ದೀತು?

ನಮ್ಮ ಕಡೆಯವರೇ ಆದ ಮ್ಯಾನೇಜರ್ ಸಾಹೇಬರಿಗೆ ಮೀನು ಸಾಕುವ ಹುಚ್ಚು. ಆಗ ನಮ್ಮ ವಿಭಾಗದ ಮುಖ್ಯಸ್ಥನ ಜಾಗ ಖಾಲಿಯಾಗುವುದಿತ್ತು. ಸೋಮವಾರ ಚಹಾದ ಹೊತ್ತಿಗೆ, ನಮ್ಮ ಮನೆಯಲ್ಲೂ ಗಿಡ ಬೆಳೆಸಿದ ಮೀನಿನ ತೊಟ್ಟಿ ಇದೆ ಎಂದುಬಿಟ್ಟೆ. ಇರಲಿಲ್ಲ. ಸಾಹೇಬರು ಬರುವ ಭಾನುವಾರ ನೋಡಲು ಬರುತ್ತೇನೆಂದರು.

ಮರುದಿನವೇ ರಜೆ ಹಾಕಿ ಮಡಗಾಂವಿನ ಸಾಕುಮೀನಿನ ಅಂಗಡಿಗೆ ಓಡಿದೆ. ಮೊದಲು ಮರಳು, ಗಿಡ, ನೀರು ಹಾಕಿ ಮೂರು ವಾರ ಬಿಡಿ, ಮೀನು ಆಮೇಲೆ ಒಯ್ಯಿರಿ ಎಂದು ಅಂಗಡಿಯವನು ಬುದ್ಧಿ ಹೇಳಿದ. ನನ್ನ ಕೈಯಲ್ಲಿದ್ದದ್ದು ಐದು ದಿನ. ತಜ್ಞನಂತೆ ನಕ್ಕು, ಬಲ್ಬಿನ ಮುಚ್ಚಳವಿದ್ದ ತೊಟ್ಟಿ, ಹೀಟರ್, ಗಿಡಗಳ ಕಟ್ಟು, ಹನ್ನೆರಡು ಮೀನು, ಎಲ್ಲವನ್ನೂ ಒಟ್ಟಿಗೇ ತಂದೆ.

ಶುದ್ಧ ಸಸ್ಯಾಹಾರಿಗಳ ಮನೆಗೆ ಮೀನು ಬಂದದ್ದು ಕಂಡು ಪಕ್ಕದ ಮನೆಯ ಗೃಹಿಣಿ ಸಂತೋಷದಿಂದ ಮಸಾಲೆ ಅರೆಯುವ ಕ್ರಮ ಹೇಳಿಕೊಡಲು ಬಂದರು. ಅವರನ್ನು ಸಾಗಹಾಕಿ ಕಾರ್ಯಾರಂಭ ಮಾಡಿದೆ. ಐದು ದಿನದಲ್ಲಿ ಗಿಡ ದಟ್ಟವಾಗಬೇಕಲ್ಲ? ಹೆಂಡತಿ ಸುನಂದಾ ಗುಲಾಬಿ ಕುಂಡಕ್ಕೆಂದು ತರಿಸಿಟ್ಟಿದ್ದ ಸಗಣಿ ಗೊಬ್ಬರವನ್ನು ಮರಳಿನ ಕೆಳಗೆ ಧಾರಾಳವಾಗಿ ಹರಡಿದೆ. ಬೆಚ್ಚಗಿನ ನೀರಿನ ಮೀನುಗಳಿಗಾಗಿ ಎಂದು ಹೀಟರಿನ ಚೀಟಿಯಲ್ಲಿ ಬರೆದಿತ್ತು. ಅವಕ್ಕೆ ಏನೂ ಕಡಿಮೆಯಾಗದಿರಲೆಂದು ಹೀಟರನ್ನು ಪೂರ್ತಿ ತಿರುಗಿಸಿಟ್ಟೆ. ಅದು ಮೇ ತಿಂಗಳು. ಗೋವಾದಲ್ಲಿ ನಾವೇ ಬೆವರಿನಲ್ಲಿ ಈಜುತ್ತಿದ್ದೆವು.

ಶನಿವಾರದ ಹೊತ್ತಿಗೆ ನೀರು ಚಹಾದ ಬಣ್ಣಕ್ಕೆ ತಿರುಗಿ, ಕೋಣೆಗೆಲ್ಲ ದನದ ಕೊಟ್ಟಿಗೆಯ ವಾಸನೆ ಹರಡಿತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಸುನಂದಾಳಿಗೆ ಅನುಮಾನ ಬಂತು.

"ರೀ, ಅವು ಏನೋ ಕೇಳಾಕತ್ತಾವ ನೋಡ್ರಿ."

"ಅವಕ್ಕ ನನ್ನ ಗುರ್ತು ಹತ್ತೇತಿ," ಎಂದೆ. ಮನಸ್ಸು ತುಂಬಿ ಬಂದಿತ್ತು.

ಭಾನುವಾರ ಸಾಹೇಬರು ಬಂದರು. ಬಾಗಿಲಲ್ಲೇ ಮೂಗು ಅರಳಿಸಿದರು. ನಾನು ತೊಟ್ಟಿಯ ಮುಂದೆ ನಿಂತು, ನನ್ನ ಮೀನುಗಳು ನನ್ನನ್ನು ಗುರುತು ಹಿಡಿಯುವ ಸಂಗತಿಯನ್ನು ನಿವೇದಿಸಿದೆ. ಸಾಹೇಬರು ನೀರಿಗೆ ಬೆರಳು ಅದ್ದಿ, ಕೂಡಲೇ ಹಿಂದಕ್ಕೆ ಎಳೆದುಕೊಂಡರು.

"ಗುರ್ತು ಹಿಡಿಯಾಕತ್ತಿಲ್ರಿ ಇವು. ಉಸುರು ಸಿಗದ ಸಾಯಾಕತ್ತಾವ."

ನಾನು ಗಾಬರಿಯಿಂದ ಹೀಟರಿಗೇ ಕೈ ಹಾಕಿದೆ. ಮೊದಲು ಸ್ವಿಚ್ಚು ಆರಿಸಬೇಕೆಂದು ಹೇಳಿ ಅವರು ನನ್ನ ಜೀವವನ್ನೂ ಉಳಿಸಿದರು. ಇಸ್ತ್ರಿ ಮಾಡಿದ ಅಂಗಿಯ ತೋಳು ಮೇಲೇರಿಸಿ, ಸುನಂದಾಳಿಂದ ಬಾವಿಯ ನೀರು ತರಿಸಿ, ಚಹಾ ಸೋಸುವ ಜರಡಿಯಿಂದ ಒಂದೊಂದೇ ಮೀನನ್ನು ಬಕೆಟ್ಟಿಗೆ ಸಾಗಿಸಿದರು. ಒಂಬತ್ತು ಉಳಿದವು. ಸತ್ತ ಮೂರರ ಮುಂದೆ ನಾನು ತಲೆ ತಗ್ಗಿಸಿ ನಿಂತೆ, ನಿಜವಾಗಿಯೂ ಸಂಕಟವಾಯಿತು. ಸಾಹೇಬರು ಚಹಾ ಕುಡಿಯದೆ, ಒಂಬತ್ತನ್ನೂ ತಮ್ಮ ಮನೆಗೆ ಒಯ್ದರು.

ಮರುದಿನ ಕಾರ್ಖಾನೆಯಲ್ಲಿ ಮುಖ್ಯಸ್ಥನ ಜಾಗ ಬೇರೆಯವರಿಗೆ ಹೋಯಿತು. ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಅಲ್ಲಿ ನೀರಿನ ಸಂಬಂಧವೇ ಬರುವುದಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಗೋವಾದ ತೇವಕ್ಕೆ, ಊರಿನಿಂದ ತಂದ ಖಡಕ್ ರೊಟ್ಟಿ ಎರಡೇ ದಿನದಲ್ಲಿ ಮೆತ್ತಗಾಗುತ್ತವೆ. ಸುನಂದಾ ತೊಟ್ಟಿಯನ್ನು ತಿಕ್ಕಿ ತೊಳೆದು, ಬಿಸಿಲು ಬಿದ್ದ ದಿನ ಒಣಗಿಸಿ, ಅದರೊಳಗೆ ರೊಟ್ಟಿ ಜೋಡಿಸಿ, ಮುಚ್ಚಳದ ಬಲ್ಬು ಹಚ್ಚಿದಳು. ರೊಟ್ಟಿ ಗರಿಗರಿಯಾಗಿ ಉಳಿದವು. ಹಸಿವಾಗಿ ಒಮ್ಮೆ ನಾನೇ ಮುಚ್ಚಳ ಎತ್ತಲು ಹೋದೆ. ಅವಳು ಅಡುಗೆಮನೆಯಿಂದಲೇ ಹೇಳಿದಳು:

"ನೀವು ಕೈ ಹಚ್ಚಬ್ಯಾಡ್ರಿ. ಇವಾದ್ರೂ ಬದುಕ್ಲಿ."